ಈರುಳ್ಳಿ ಮೇಲೋ ಕೆಳಗೋ

ಹಳೇ ನೆನಪು ಅನ್ನೋದೂ ಒಂದು ಥರದ ಆಸ್ತಿ. ಅಪ್ಪ ಅಜ್ಜಂದಿರಿಂದ ಸಿಕ್ಕವರಿಗೆ ಅದು ಆಸ್ತಿ ಅಂತಲೇ ಗೊತ್ತಿರೋದಿಲ್ಲ. ಬರಿಗೈಲಿ ಬಂದವನಿಗೆ ಗೊತ್ತಾಗುತ್ತೆ. ಮೆಲ್ಬರ್ನಿನ ಪಶ್ಚಿಮದ ಬಡಾವಣೆಯೊಂದರಲ್ಲಿ ಮನೆ ಮಾಡಿ ನನಗೆ ಇಪ್ಪತ್ತು ವರ್ಷ ದಾಟಿತು. ಗೋಡೌನಿನಲ್ಲಿ ಕೆಲಸ ಸಿಕ್ಕಿತು, ಸಂಬಳ ಸಿಕ್ಕಿತು, ವೋಟೂ ಸಿಕ್ಕಿತು. ಸಿಗದೆ ಹೋದದ್ದು ಇಲ್ಲಿನ ಬಾಲ್ಯ. ಜೊತೆಯವರು ಮಾತಿಗೆ ಕೂತರೆ ಹೋಲ್ಡನ್ ಕಾರಿನ ಹಿಂದಿನ ಸೀಟು ಬರುತ್ತೆ. ಹಿತ್ತಲಲ್ಲಿ ಕೊಡೆಯ ಹಾಗೆ ಬಿಚ್ಚಿಕೊಂಡು ತಿರುಗೋ ಬಟ್ಟೆ ಒಣಹಾಕುವ ಕಂಬ ಬರುತ್ತೆ, ಅದಕ್ಕೆ ಜೋತುಬಿದ್ದು ಅಮ್ಮನ ಕೈಲಿ ಬೈಸಿಕೊಂಡದ್ದು ಬರುತ್ತೆ. ಎಲ್ಲರೂ ನಗ್ತಾರೆ. ನಾನೂ ನಗ್ತೀನಿ, ಒಂದು ಗಳಿಗೆ ತಡವಾಗಿ. ಪರವೂರಿನ ಜಾತ್ರೆಗೆ ಹೋದವನು ಅದು ಯಾವ ದೇವರೆಂದು ತಿಳಿಯದೆ ಕೈ ಮುಗಿದ ಹಾಗೆ.

ಇರಲಿ. ಇವರ ಈ ನೆನಪಿನ ಗಂಟಲ್ಲಿ ಇರೋದಾದರೂ ಏನು ಅಂತ ಬಿಚ್ಚಿ ನೋಡಿದೆ. ಮಜಾ ಇರೋದೇ ಅಲ್ಲಿ.

ಮೊದಲು ವೆಜಿಮೈಟ್. ಬಿಯರ್ ತಯಾರಾದ ಮೇಲೆ ಉಳಿಯುವ ಈಸ್ಟಿನ ಮಡ್ಡಿಯಿಂದ ಮಾಡಿದ ಕಪ್ಪು ಪದಾರ್ಥ. ಸಿರಿಲ್ ಕ್ಯಾಲಿಸ್ಟರ್ ಅನ್ನೋ ರಸಾಯನಶಾಸ್ತ್ರಜ್ಞ 1922ರಲ್ಲಿ ಇದೇ ಮೆಲ್ಬರ್ನಿನಲ್ಲಿ ಇದನ್ನು ಕಂಡುಹಿಡಿದ, 1923ರಲ್ಲಿ ಅಂಗಡಿಗೆ ಬಂತು. ನನ್ನ ಹೆಂಡತಿ ಮೊದಲ ಸಲ ಡಬ್ಬಿ ಬಿಚ್ಚಿ ಮೂಸಿದವಳು, "ನೋಡೋಕೆ ಹುಚ್ಚೆಳ್ಳು ಚಟ್ನಿ ಥರ ಐತೆ, ವಾಸ್ನೆ ಮಾತ್ರ ಯಾವ್ದೋ ದನದ ಔಷಧಿದು ಕಣ್ರೀ" ಅಂದಳು. ಇಲ್ಲೇ ಹುಟ್ಟಿದ ಮಗಳು ಬೆಣ್ಣೆ ಸವರಿದ ಬ್ರೆಡ್ಡಿಗೆ ಅದನ್ನು ತೆಳ್ಳಗೆ ಹಚ್ಚಿಕೊಂಡು, ನಾವು ಉಪ್ಪಿನಕಾಯಿ ನೆಕ್ಕಿದ ಹಾಗೆ ಚಪ್ಪರಿಸುತ್ತಾಳೆ. ಇಷ್ಟು ಅಪ್ಪಟ ದೇಶಿ ವಸ್ತು ದಶಕಗಳ ಕಾಲ ಅಮೆರಿಕದ ಕ್ರಾಫ್ಟ್ ಕಂಪನಿಯ ಸೊತ್ತಾಗಿತ್ತು. ಬೇಗಾ ಅನ್ನೋ ಇಲ್ಲಿನ ಚೀಸ್ ಕಂಪನಿ ಅದನ್ನು ಕೊಂಡುಕೊಂಡದ್ದು 2017ರಲ್ಲಿ.

ಹೋಲ್ಡನ್ ಕತೆಯೂ ಹಾಗೇ. 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿ ಅದನ್ನು ಜನರ ಮುಂದಿಟ್ಟಾಗ ನಮ್ಮದೇ ಕಾರು ಬಂತು ಅಂತ ದೇಶ ಕುಣಿಯಿತು. ಯಜಮಾನ ಮಾತ್ರ ಅಮೆರಿಕದ ಜನರಲ್ ಮೋಟರ್ಸ್. ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಬಿಗಿದ ಕೈಗಳಲ್ಲಿ ಗ್ರೀಸಿನಿಂದ, ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರ ಕೈಗಳು ಬೇಕಾದಷ್ಟು. 2017ರ ಅಕ್ಟೋಬರಿನಲ್ಲಿ ಅಡಿಲೇಡ್ ಹತ್ತಿರದ ಎಲಿಜಬೆತ್‌ನಲ್ಲಿ ಕೊನೇ ಕಾರು ಹೊರಬಂದಾಗ ಜನ ಅತ್ತರು. 2020ರಲ್ಲಿ ಆ ಹೆಸರನ್ನೇ ಕೈಬಿಡುವುದಾಗಿ ಕಂಪನಿ ಹೇಳಿತು.

'ಡೌನ್ ಅಂಡರ್' ಹಾಡು ಗೊತ್ತಲ್ಲ? ಮೆನ್ ಅಟ್ ವರ್ಕ್ ತಂಡದ್ದು, 1981ರದು. ಕ್ರಿಕೆಟ್ ಗೆದ್ದರೂ ಅದು, ಕುಡಿದರೂ ಅದು. ಅಘೋಷಿತ ರಾಷ್ಟ್ರಗೀತೆ ಅಂತಾರೆ. ಹಾಡಿದ ಕಾಲಿನ್ ಹೇ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಹದಿನಾಲ್ಕನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಬಂದ ವಲಸೆಗಾರ. 2007ರಲ್ಲಿ ಟೀವಿಯ ಒಂದು ಸಂಗೀತ ಕ್ವಿಜ್ಜಿನಲ್ಲಿ, ಈ ಹಾಡಿನ ಕೊಳಲಿನಲ್ಲಿ ಯಾವ ಮಕ್ಕಳ ಹಾಡು ಅಡಗಿದೆ ಅಂತ ಕೇಳಿಬಿಟ್ಟರು. ಉತ್ತರ: ಕೂಕಬರ ಹಕ್ಕಿಯ ಹಾಡು, ಮರಿಯನ್ ಸಿಂಕ್ಲೇರ್ ಅನ್ನೋ ಮೇಡಂ ಗೈಡ್ಸ್ ಹುಡುಗಿಯರಿಗೆ ಅಂತ 1930ರ ದಶಕದಲ್ಲಿ ಕಟ್ಟಿದ್ದು. ಹಕ್ಕುದಾರ ಕಂಪನಿ ಕೋರ್ಟಿಗೆ ಹೋಯಿತು, 2010ರಲ್ಲಿ ಗೆದ್ದಿತು, ರಾಯಲ್ಟಿಯಲ್ಲಿ ನೂರಕ್ಕೆ ಐದು ಪಾಲು ಪಡೆಯಿತು. ಇಡೀ ದೇಶ ಇಪ್ಪತ್ತೈದು ವರ್ಷ ಹಾಡಿದರೂ ಯಾರ ಕಿವಿಗೂ ಅದು ಬಿದ್ದಿರಲಿಲ್ಲ!

'ನೇಬರ್ಸ್' ಧಾರಾವಾಹಿ 1985ರಲ್ಲಿ ಶುರುವಾಯಿತು. ಮೆಲ್ಬರ್ನಿನ ಪಿನ್ ಓಕ್ ಕೋರ್ಟ್ ಅನ್ನೋ ಪುಟ್ಟ ಬೀದಿ, ಒಳ್ಳೇ ನೆರೆಹೊರೆ, ದಿನಕ್ಕೊಂದು ಜಗಳ, ದಿನಕ್ಕೊಂದು ರಾಜಿ. ಇಲ್ಲಿಗಿಂತ ಬ್ರಿಟನ್ನಿನಲ್ಲಿ ಅದರ ಹುಚ್ಚು ಜಾಸ್ತಿ. 2022ರಲ್ಲಿ ಬ್ರಿಟನ್ನಿನ ಚಾನೆಲ್ ಕೈಬಿಟ್ಟಾಗ ನಿಂತುಹೋಯಿತು, 2023ರಲ್ಲಿ ಮತ್ತೆ ಎದ್ದಿತು, 2025ರ ಕೊನೆಗೆ ಮತ್ತೆ ಮುಗಿಯಿತು. ಆ ಬೀದಿಗೆ ಕಪೂರ್ ಅನ್ನೋ ಭಾರತ ಮೂಲದ ಸಂಸಾರ ಬಂದದ್ದು 2011ರ ಹೊತ್ತಿಗೆ. ಕತೆಯೊಳಗಿನ ನೆರೆಯವರು ಬನ್ನಿ ಅಂದರು. ಕತೆ ನೋಡುತ್ತಿದ್ದ ಕೆಲವರು ಇವರಿಗೆ ಇಲ್ಲೇನು ಕೆಲಸ ಅಂತ ಮೂಗು ಮುರಿದರು.

ಇಷ್ಟು ನೋಡಿದ ಮೇಲೆ ನನ್ನ ಹಿಂಜರಿಕೆ ಹೋಯಿತು. ನಮ್ಮದು ನಮ್ಮದು ಅಂತ ಇವರು ಎದೆಗೆ ಅವಚಿಕೊಂಡ ಸಾಮಾನೆಲ್ಲ ಯಾರ್ಯಾರೋ ಬಂದು, ಯಾರ್ಯಾರದೋ ಬೆವರು ಸೇರಿ ಆದದ್ದು. ಹಾಗಿದ್ದ ಮೇಲೆ ನನ್ನದೂ ಒಂದು ಮುಷ್ಟಿ ಇರಲಿ.

ನನ್ನ ಮುಷ್ಟಿಗೆ ಸಿಕ್ಕಿದ್ದು ಸಾಸೇಜು. ಇಲ್ಲಿ ಬನ್ನಿಂಗ್ಸ್ ಅಂತ ಸುತ್ತಿಗೆ ಮೊಳೆ ಬಣ್ಣ ಮಾರೋ ದೊಡ್ಡ ಅಂಗಡಿಗಳಿವೆ. ಶನಿವಾರ ಭಾನುವಾರ ಬಾಗಿಲ ಹತ್ತಿರ ಯಾವುದೋ ಶಾಲೆಯವರು, ಕ್ಲಬ್ಬಿನವರು ಕಾವಲಿ ಹೂಡಿ, ಸಹಾಯಾರ್ಥ ಸಾಸೇಜು ಸುಟ್ಟು ಮಾರುತ್ತಾರೆ. ಒಂದು ಬ್ರೆಡ್ಡು, ಒಂದು ಸಾಸೇಜು, ಹುರಿದ ಈರುಳ್ಳಿ, ಸಾಸು. ಬಹಳ ಕಾಲ ಎರಡೂವರೆ ಡಾಲರ್ ಇದ್ದದ್ದು 2022ರಲ್ಲಿ ಮೂರೂವರೆ ಆಯಿತು, ಜನ ಗೊಣಗಿದರು. 2018ರಲ್ಲಿ ಇನ್ನೂ ದೊಡ್ಡ ಗಲಾಟೆ. ಈರುಳ್ಳಿ ಕೆಳಗೆ ಬಿದ್ದು ಯಾರಾದರೂ ಜಾರಿಯಾರು, ಸಾಸೇಜಿನ ಮೇಲೆ ಬೇಡ, ಕೆಳಗೆ ಹಾಕಿ ಅಂತ ಅಂಗಡಿ ಹೇಳಿತು. ದೇಶವೇ ಎರಡು ಪಂಗಡ. ಪ್ರಧಾನಿಯನ್ನೂ ಕೇಳಿದರು. ಮೇಲು ಕೀಳಿನ ಜಗಳ ನನಗೇನು ಹೊಸದಲ್ಲ, ಈರುಳ್ಳಿಗೋಸ್ಕರ ನಡೆದದ್ದನ್ನು ಮಾತ್ರ ಇಲ್ಲೇ ನೋಡಿದ್ದು.

ಆ ಸಾಲು ನನಗೆ ಇಷ್ಟ. ಬಣ್ಣ ಮೆತ್ತಿದ ಚಡ್ಡಿಯವನು, ಕಾರು ನಿಲ್ಲಿಸಿ ಬಂದ ಡಾಕ್ಟರು, ಗೋಡೌನಿನ ನಾನು, ಎಲ್ಲರೂ ಹಿಂದೆ ಮುಂದೆ. ಬಡಿಸುವವನ ಕುಲ ಯಾರೂ ಕೇಳೋದಿಲ್ಲ, ತಿನ್ನುವವನದೂ ಕೇಳೋದಿಲ್ಲ. ನಮ್ಮ ಕಡೆಯ ಕೆಲವರು ಬಂದು, ಮಾಂಸ ಬೇಡ, ಬ್ರೆಡ್ಡಿಗೆ ಬರೀ ಈರುಳ್ಳಿ ಹಾಕಿ ಅಂತಾರೆ. ಹಾಕಿ ಕೊಡ್ತಾರೆ. ಹಬ್ಬಕ್ಕೆ ನಮ್ಮ ನಮ್ಮವರೇ ಸೇರಿದ ಕಡೆ ಮಾತ್ರ "ತಾವು ಯಾವ ಪೈಕಿ?" ಅನ್ನೋ ಪ್ರಶ್ನೆ ವಿಮಾನ ಹತ್ತಿ ಬಂದು ಕೂತಿದೆ.

ಇದೇ ಸಾಸೇಜು ಚುನಾವಣೆಯ ಶನಿವಾರ ಮತಗಟ್ಟೆಯ ಶಾಲೆಗಳ ಅಂಗಳದಲ್ಲೂ ಬೇಯುತ್ತೆ. ಆಗ ಅದರ ಹೆಸರು ಪ್ರಜಾಪ್ರಭುತ್ವದ ಸಾಸೇಜು. ತಮಾಷೆಯಲ್ಲ, 2016ರಲ್ಲಿ ಇಲ್ಲಿನ ನಿಘಂಟು ಕೇಂದ್ರ ಅದನ್ನೇ ವರ್ಷದ ಪದವಾಗಿ ಆರಿಸಿತು. 1924ರ ಕಾಯಿದೆಯಿಂದ ಕೇಂದ್ರ ಚುನಾವಣೆಯಲ್ಲಿ ವೋಟು ಕಡ್ಡಾಯ. ಹಾಕದಿದ್ದರೆ ದಂಡ, ಹಾಕಿದರೆ ಸಾಸೇಜು.

ಈ ಸಾಲಿನಲ್ಲಿ ನಿಂತಾಗಲೇ ನನಗೆ ಗಂಟಿನ ತಳ ಕಂಡದ್ದು. ಹಳೇ ಕಾಲ ಎಷ್ಟು ಚೆನ್ನಾಗಿತ್ತು ಅಂತಾರಲ್ಲ, ಹೋಲ್ಡನ್ ಬಂದ 1948ರಲ್ಲಿ ಈ ನೆಲದ ಮೂಲನಿವಾಸಿಗಳಲ್ಲಿ ಬಹಳ ಮಂದಿಗೆ ಕೇಂದ್ರ ಚುನಾವಣೆಯ ವೋಟೇ ಇರಲಿಲ್ಲ. ಎಲ್ಲರಿಗೂ ಆ ಹಕ್ಕು ಸಿಕ್ಕಿದ್ದು 1962ರಲ್ಲಿ. ಉಳಿದವರ ಹಾಗೆ ಅವರಿಗೂ ಕಡ್ಡಾಯವಾದದ್ದು 1984ರಲ್ಲಿ. ನಾನು ನಿನ್ನೆ ಮೊನ್ನೆ ಬಂದವನು, ನನಗೆ ಸಾಲು ಸುಲಭವಾಗಿ ಸಿಕ್ಕಿತು. ಸಾವಿರಾರು ತಲೆಮಾರಿನಿಂದ ಇಲ್ಲೇ ಇದ್ದವರು ಹೊರಗೆ ಕಾದಿದ್ದರು.

ಹಾಡಿನಲ್ಲೂ ಅಷ್ಟೆ. 'ಡೌನ್ ಅಂಡರ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ 1983ರಲ್ಲೇ, ಮಧ್ಯದ ಮರುಭೂಮಿಯ ಪಾಪುನ್ಯದಿಂದ ವರುಂಪಿ ಬ್ಯಾಂಡ್ ಲುರಿಚಾ ಭಾಷೆಯಲ್ಲಿ ಒಂದು ರಾಕ್ ಹಾಡು ತಂದಿತು. ಜೈಲಿನಿಂದ ಹೊರಬಂದವನ ಹಾಡು. ಮೂಲನಿವಾಸಿಗಳ ಭಾಷೆಯಲ್ಲಿ ಬಿಡುಗಡೆಯಾದ ಮೊದಲ ರಾಕ್ ಹಾಡು ಅದು. ನನ್ನ ಜೊತೆಯವರ ನೆನಪಿನ ಗಂಟಿನಲ್ಲಿ ಅದು ಇಲ್ಲ. 1991ರ 'ಟ್ರೀಟಿ' ಇದೆ. ಯೋತು ಯಿಂಡಿ ತಂಡದ ಆ ಹಾಡು, ಸರ್ಕಾರ ಮಾತು ಕೊಟ್ಟು ಮಾಡದೇ ಹೋದ ಒಪ್ಪಂದದ ಬಗ್ಗೆ. ಎಲ್ಲರೂ ಕುಣಿದರು. ಒಪ್ಪಂದ ಎಲ್ಲಿ ಅಂತ ಕೇಳಿದವರು ಕಡಿಮೆ.

2023ರ ಅಕ್ಟೋಬರ್ 14. ಮೂಲನಿವಾಸಿಗಳ ಮಾತನ್ನು ಸಂಸತ್ತಿಗೆ ಮುಟ್ಟಿಸೋ ಒಂದು ಸಮಿತಿಗೆ ಸಂವಿಧಾನದಲ್ಲಿ ಜಾಗ ಕೊಡೋಣವೇ ಅಂತ ಜನಮತ ಕೇಳಿದರು. ನೂರಕ್ಕೆ ಸುಮಾರು ಅರವತ್ತು ಮಂದಿ ಬೇಡ ಅಂದರು. ಆರೂ ರಾಜ್ಯಗಳು ಬೇಡ ಅಂದವು. ಅವತ್ತೂ ಅಂಗಳದಲ್ಲಿ ಸಾಸೇಜು ಬೆಂದಿತ್ತು, ರುಚಿ ಅದೇ ಇತ್ತು. ಅದು ನನ್ನ ಗಂಟಲಿನಲ್ಲಿ ಇನ್ನೂ ಸಿಕ್ಕಿಕೊಂಡಿದೆ. 2025ರಲ್ಲಿ ನಾನಿರುವ ವಿಕ್ಟೋರಿಯ ರಾಜ್ಯದ ಶಾಸನಸಭೆ ಒಪ್ಪಂದದ ಕಾಯಿದೆ ಪಾಸು ಮಾಡಿತು. ಹಾಡು ಬಂದ ಮೂವತ್ತನಾಲ್ಕು ವರ್ಷಕ್ಕೆ, ಅದೂ ಒಂದೇ ರಾಜ್ಯದಲ್ಲಿ.

ಹಳೇದನ್ನು ನೆನೆದು ನಗಬಾರದು ಅಂತ ನಾನು ಹೇಳ್ತಿಲ್ಲ. ನಕ್ಕರೇ ಬದುಕು. ಆಗ ಸಾಲಿನಲ್ಲಿ ಯಾರಿರಲಿಲ್ಲ ಅಂತ ಒಂದು ಮಾತು ಕೇಳಿದರೆ ನೆನಪಿನ ರುಚಿ ಕೆಡುತ್ತೆ ಅನ್ನೋರಿದ್ದಾರೆ. ನನಗೆ ಕೆಟ್ಟಿಲ್ಲ. ಮಗಳಿಗೆ ಎರಡೂ ಹಾಡು ಕೇಳಿಸ್ತೀನಿ, ಕೊಳಲಿನದೂ, ಲುರಿಚಾದ್ದೂ. ಅವಳಿಗೆ ಇಷ್ಟವಾದದ್ದು ಎರಡನೇದು. ತಾಳ ಜೋರಾಗಿದೆಯಂತೆ.