ಇನಿಕಿ ಬೀಸಿ ಹೋದ ದ್ವೀಪದಲ್ಲಿ

ಬೆಂಗಳೂರಿನ ಹೊರವಲಯದಲ್ಲಿ 1990ರಿಂದ ಮೊದಲ್ಗೊಂಡು ಶಿಲ್ಪಿಗಳು ಕೈಯುಳಿಯಿಂದ ಕೆತ್ತಿದ ಗ್ರಾನೈಟ್ ಕಲ್ಲುಗಳು ಸಾಗರ ದಾಟಿ ಹೋಗಿ, ಹವಾಯಿಯ ಕವಾಯಿ ದ್ವೀಪದಲ್ಲಿ ಇರೈವನ್ ಎಂಬ ಶಿವಾಲಯವಾಗಿ ನಿಂತಿವೆ. 2023ರ ಮಾರ್ಚ್ ತಿಂಗಳಲ್ಲಿ ಅದರ ಪ್ರತಿಷ್ಠೆ ನೆರವೇರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಾವು ಕ್ಯಾಲಿಫೋರ್ನಿಯದಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದೆವು. "ಮಾವ, ಇಷ್ಟು ದೂರ ಬಂದಿದ್ದೀರಿ, ಆ ಗುಡಿಯನ್ನೂ ನೋಡಿಬಿಡೋಣ" ಎಂದು ಅವನು ಒತ್ತಾಯ ಮಾಡಿದನು. ಸ್ಯಾನ್ ಫ್ರಾನ್ಸಿಸ್ಕೋದಿಂದ ಐದೂವರೆ ಗಂಟೆಗಳ ವಿಮಾನಯಾನ. ಕೆಳಗೆ ನೀರಿನ ಹೊರತು ಬೇರೇನೂ ಇಲ್ಲ. ದೇವಾಲಯದ ದರ್ಶನವೇನೋ ಆಯಿತು, ಅದರ ಸಂಗತಿಯನ್ನು ಮತ್ತೊಮ್ಮೆ ಬರೆದೇವು. ಆದರೆ ಅಲ್ಲಿ ಕಳೆದ ನಾಲ್ಕು ದಿನಗಳಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು, ಮೂವತ್ತೊಂದು ವರ್ಷಗಳ ಹಿಂದೆ ಆ ದ್ವೀಪದ ಮೇಲೆ ಬೀಸಿ ಹೋದ ಒಂದು ಗಾಳಿ.

ನಮ್ಮನ್ನು ಕಾರಿನಲ್ಲಿ ಸುತ್ತಾಡಿಸಿದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಅವರ ಅಜ್ಜ ಫಿಲಿಪ್ಪೀನ್ಸ್‌ನಿಂದ ಕಬ್ಬಿನ ತೋಟದ ಕೂಲಿಗೆಂದು ಬಂದವರಂತೆ. ಇವರು ಲಿಹೂಯೆ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ, 2000ದಲ್ಲಿ ಅದು ಮುಚ್ಚಿದ ಮೇಲೆ ಬಾಡಿಗೆಗೆ ಕಾರು ಓಡಿಸತೊಡಗಿದವರು. ಇವರ ಬಾಯಲ್ಲಿ ಕಾಲಗಣನೆಯೇ ಬೇರೆ. ಮಗಳ ಮದುವೆ 'ಇನಿಕಿಗೆ ಮೊದಲು', ಮನೆ ಕಟ್ಟಿದ್ದು 'ಇನಿಕಿ ಆದ ಮೇಲೆ'. ನಮ್ಮ ಹಿರಿಯರು ಪ್ಲೇಗಿನ ಹಿಂದು ಮುಂದು ಎಂದು ಎಣಿಸುತ್ತಿದ್ದುದು ನೆನಪಿಗೆ ಬಂದಿತು.

ಇನಿಕಿ ಎಂದರೆ ಹವಾಯಿ ಭಾಷೆಯಲ್ಲಿ ಚುಚ್ಚುವ ತೀಕ್ಷ್ಣವಾದ ಗಾಳಿ. 1992ರ ಸೆಪ್ಟೆಂಬರ್ 11ರ ಶುಕ್ರವಾರ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಆ ಹೆಸರಿನ ಚಂಡಮಾರುತ ಕವಾಯಿಯ ದಕ್ಷಿಣ ತೀರವನ್ನೇರಿತು. ಗಾಳಿಯ ವೇಗ ಗಂಟೆಗೆ ಸುಮಾರು 230 ಕಿಲೋಮೀಟರು. ಎದುರಿಗೆ ಸಿಕ್ಕಿದ್ದು ಐವತ್ತೊಂದು ಸಾವಿರ ಜನ ವಾಸಿಸುತ್ತಿದ್ದ, ನಮ್ಮ ಒಂದು ತಾಲ್ಲೂಕಿನಷ್ಟು ವಿಸ್ತಾರದ ನೆಲ. 1982ರ ನವೆಂಬರಿನಲ್ಲಿ ಈವಾ ಎಂಬ ಬಿರುಗಾಳಿ ಬಂದು ಹೋಗಿದ್ದುದರಿಂದ ಜನಕ್ಕೆ ಅಷ್ಟಿಷ್ಟು ಅನುಭವವಿತ್ತು. ಬೆಳಗಿನ ಸೈರನ್ ಕೇಳಿ ಶಾಲೆಗಳಲ್ಲಿಯೂ ಹೋಟೆಲುಗಳ ದೊಡ್ಡ ಸಭಾಂಗಣಗಳಲ್ಲಿಯೂ ಆಶ್ರಯ ಪಡೆದರು. ಡೈನೋಸಾರುಗಳ ಚಲನಚಿತ್ರ ತೆಗೆಯಲು ಬಂದಿದ್ದ ಹಾಲಿವುಡ್ಡಿನ ತಂಡದವರೂ ಹೀಗೆಯೇ ಒಂದು ಹೋಟೆಲಿನಲ್ಲಿ ಅಡಗಿ ಕುಳಿತಿದ್ದರು. ಈ ಎಚ್ಚರದ ಫಲವಾಗಿ ಸತ್ತವರ ಸಂಖ್ಯೆ ಹತ್ತನ್ನು ಮುಟ್ಟಲಿಲ್ಲ. ಆದರೆ ಮನೆಗಳು ಉಳಿಯಲಿಲ್ಲ. 1,421 ಮನೆಗಳು ಸಂಪೂರ್ಣ ನೆಲಸಮವಾದವು, 5,152 ಮನೆಗಳು ತೀವ್ರವಾಗಿ ಜಖಂಗೊಂಡವು.

ಇಲ್ಲಿ ಓದುಗ ಬಂಧುಗಳು ಒಂದು ಸಂಗತಿಯನ್ನು ಗಮನಿಸಬೇಕು. ದ್ವೀಪವೆಂದೊಡನೆ ಸಮುದ್ರವೇ ಉಕ್ಕಿ ಮನೆಗಳನ್ನು ನುಂಗಿತೆಂದು ನಾವು ಭಾವಿಸಿದ್ದೆವು. ಪೋಯಿಪು ತೀರದಲ್ಲಿ ಹಾಗಾದದ್ದೂ ಉಂಟು. ಆದರೆ ನೆಲಸಮವಾದ 1,421 ಮನೆಗಳಲ್ಲಿ ಅಲೆಗಳು ಕೊಂಡೊಯ್ದದ್ದು ಕೇವಲ 63. ಉಳಿದವೆಲ್ಲ ಗಾಳಿಯ ಪಾಲು. ಹಿರಿಯರು ತಮ್ಮ ಮನೆಯ ಚಾವಣಿಯ ಕೆಳಗೆ ನಮ್ಮನ್ನು ನಿಲ್ಲಿಸಿ ಇದರ ಮರ್ಮವನ್ನು ವಿವರಿಸಿದರು. ಗಾಳಿ ಮನೆಯನ್ನು ದೂಡಿ ಕೆಡವುವುದಕ್ಕಿಂತ ಹೆಚ್ಚಾಗಿ ಎತ್ತಿ ಕೆಡವುತ್ತದೆ. ಮಾಡಿನ ಮೇಲೆ ವೇಗವಾಗಿ ಹರಿಯುವ ಗಾಳಿ ಮಾಡನ್ನು ಮೇಲಕ್ಕೆ ಸೆಳೆಯುತ್ತದೆ. ಒಡೆದ ಕಿಟಕಿಯಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ಒತ್ತುತ್ತದೆ. ಮಳೆಗಾಲದಲ್ಲಿ ಕೊಡೆ ಮೇಲ್ಮುಖವಾಗಿ ತಿರುಚಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವಲ್ಲ, ಅದೇ ಕ್ರಮ. ತೋಟದ ಕೂಲಿಕಾರರ ಹಳೆಯ ಮನೆಗಳು ಒಂದೇ ಪದರದ ಹಲಗೆಯ ಗೋಡೆಯವು, ಜಂತೆಗಳನ್ನು ಬರಿಯ ಮೊಳೆಯಿಂದ ಜಡಿದವು. ಮೊಳೆ ಮೇಲಿನ ಭಾರವನ್ನು ತಾಳುತ್ತದೆಯೇ ಹೊರತು ಮೇಲಕ್ಕೆಳೆದರೆ ಕಿತ್ತು ಬರುತ್ತದೆ. ಈಗ ಕಟ್ಟುವ ಮನೆಗಳಲ್ಲಿ ಜಂತೆಯನ್ನು ಗೋಡೆಗೆ, ಗೋಡೆಯನ್ನು ತಳಪಾಯಕ್ಕೆ ಉಕ್ಕಿನ ಪಟ್ಟಿಗಳಿಂದ ಬಿಗಿಯುತ್ತಾರೆ. ಅಂಗೈಯಗಲದ ಅಗ್ಗದ ವಸ್ತು. ಅಂಥದೊಂದನ್ನು ಹಿರಿಯರು ನಮ್ಮ ಕೈಗಿತ್ತು, "ಇದು ಮೊದಲೇ ಇದ್ದಿದ್ದರೆ ನಮ್ಮ ಬೀದಿಯ ಅರ್ಧದಷ್ಟಾದರೂ ಮನೆಗಳು ಉಳಿಯುತ್ತಿದ್ದವು" ಎಂದರು.

ಗಾಳಿ ನಿಂತ ಮೇಲಿನ ದಿನಗಳನ್ನು ಅವರು ನೆನೆಯುವಾಗ ಮುಖದಲ್ಲಿ ಒಂದು ಬಗೆಯ ಹಿಗ್ಗು ಇತ್ತೆಂದರೆ ಆಶ್ಚರ್ಯವಾದೀತು. ವಿದ್ಯುತ್ತು ಇಲ್ಲ. ಮನೆಮನೆಗೆ ತಂತಿ ಒಯ್ಯುವ ಕಂಬಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಉರುಳಿದ್ದವು. ಕೆಲವು ಊರುಗಳಿಗೆ ಮೂರು ತಿಂಗಳವರೆಗೂ ದೀಪ ಬರಲಿಲ್ಲ. ಶೀತಕಗಳಲ್ಲಿದ್ದ ಆಹಾರ ಕೆಡುವ ಮೊದಲೇ ಜನ ಬೀದಿಗೆ ತಂದು ಬೇಯಿಸಿ ಎಲ್ಲರೂ ಕೂಡಿ ಉಂಡರು. ಕೆಲವು ಅಂಗಡಿಯವರು ತಾವೇ ಅಡುಗೆ ಮಾಡಿ ಬಡಿಸಿದರು, ಕೆಲವರು ಬಾಗಿಲು ತೆರೆದು ಬೇಕಾದುದನ್ನು ಒಯ್ಯಿರೆಂದರು. ಅವರ ಅಡುಗೆ ನಮ್ಮ ಅಡುಗೆಯಲ್ಲ; ಆದರೂ ನಮಗೆ ದಾಸೋಹವೆಂಬ ಒಂದೇ ಪದ ಹೊಳೆಯಿತು. ದೂರವಾಣಿ ಸತ್ತಿದ್ದಾಗ ಹವ್ಯಾಸಿ ರೇಡಿಯೋದವರು ಮೂರು ವಾರಗಳ ಕಾಲ ಸುದ್ದಿ ಮುಟ್ಟಿಸಿದರು. ಸೈನ್ಯದ ನೆರವು ಬೇಗ ಬಂದಿತು. ತಡವಾದದ್ದು ಹಣ. ಕೇವಲ ಹದಿನೆಂಟು ದಿನ ಮೊದಲು ಆಂಡ್ರ್ಯೂ ಚಂಡಮಾರುತ ಫ್ಲೋರಿಡಾವನ್ನು ಹಾಳುಗೆಡವಿದ್ದರಿಂದ ಅಮೆರಿಕದ ಗಮನವೆಲ್ಲ ಅತ್ತ ಇತ್ತು. ಆರು ತಿಂಗಳಾಗುವಷ್ಟರಲ್ಲಿ ಬೀದಿಯ ಊಟದ ಹಿಗ್ಗು ಕರಗಿ ಬೇಸರ ಮನೆಮಾಡಿತ್ತು. ನಷ್ಟ ಕಟ್ಟಿಕೊಟ್ಟ ವಿಮಾ ಕಂಪನಿಗಳಲ್ಲಿ ಹಲವು ಇನ್ನು ಈ ದ್ವೀಪಗಳ ಸಹವಾಸವೇ ಬೇಡವೆಂದು ಕೈತೊಳೆದುಕೊಂಡವು. ವಿಮೆಯಿಲ್ಲದೆ ಬ್ಯಾಂಕು ಮನೆಸಾಲ ಕೊಡದು. ಕಡೆಗೆ 1993ರಲ್ಲಿ ಹವಾಯಿ ಸರ್ಕಾರವೇ ಚಂಡಮಾರುತ ಪರಿಹಾರ ನಿಧಿಯೊಂದನ್ನು ಸ್ಥಾಪಿಸಿ ವಿಮೆ ನೀಡಬೇಕಾಯಿತು.

ವೈಲುವಾ ಊರಿನಲ್ಲಿ ಕೋಕೋ ಪಾಮ್ಸ್ ಎಂಬ ಹೆಸರಾಂತ ಹೋಟೆಲಿತ್ತು. 1961ರ 'ಬ್ಲೂ ಹವಾಯಿ' ಚಿತ್ರದ ಭಾಗಗಳು ಅಲ್ಲಿ ಚಿತ್ರಿತವಾಗಿದ್ದವು. ಇನಿಕಿಯ ದಿನ ಮುಚ್ಚಿದ ಅದರ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಮೂವತ್ತು ವರ್ಷ ಹೆದ್ದಾರಿಯ ಪಕ್ಕದಲ್ಲಿಯೇ ಪಾಳುಬಿದ್ದು ನಿಂತಿತ್ತು. ಅಲ್ಲಿ ದುಡಿಯುತ್ತಿದ್ದವರು ಎಲ್ಲಿಗೆ ಹೋದರೆಂದು ಕೇಳಿದೆವು. ಹಿರಿಯರು ಪಶ್ಚಿಮದ ಬದಲು ಪೂರ್ವಕ್ಕೆ, ಅಮೆರಿಕದ ನೆಲದತ್ತ ಕೈ ತೋರಿಸಿದರು. ಅವರ ತಮ್ಮನೂ ಒಂದು ಹೋಟೆಲಿನ ನೌಕರ. ಕೆಲಸ ಹೋದ ಮೇಲೆ ಎರಡು ವರ್ಷ ಮನೆ ಕಟ್ಟುವ ಕೆಲಸಕ್ಕೆ ಹೋದನಂತೆ. ಆಗ ಬಡಗಿಗಳಿಗೆ ಬಿಡುವೇ ಇರಲಿಲ್ಲ. ಕಟ್ಟುವುದು ಮುಗಿಯಿತು. ಪ್ರವಾಸಿಗಳು ಇನ್ನೂ ಬಂದಿರಲಿಲ್ಲ. ಹೆಂಡತಿ ಮಕ್ಕಳೊಡನೆ ನೆವಾಡಾಕ್ಕೆ ಹೋದವನು ಅಲ್ಲಿಯೇ ನಿಂತನು. ಖಾಲಿ ನಿವೇಶನ ಕೆಲವು ವರ್ಷಗಳ ನಂತರ ಹೊರಗಿನವರಿಗೆ ಮಾರಾಟವಾಯಿತು. ಅದರಲ್ಲೀಗ ಚೆಂದದ ಮನೆಯಿದೆ, ವರ್ಷದ ಬಹುಭಾಗ ಬೀಗ ಹಾಕಿರುತ್ತದೆ.

ಇದು ಒಬ್ಬರ ಮನೆಯ ಕಥೆ ಮಾತ್ರವಲ್ಲ. ಮೇಕನಾ ಕಾಫ್‌ಮನ್ ಮತ್ತು ಇಲಾನ್ ನೋಯ್ ಎಂಬ ಅರ್ಥಶಾಸ್ತ್ರಜ್ಞರು, ಇನಿಕಿ ಮುಟ್ಟದ ಹವಾಯಿಯ ಇತರ ದ್ವೀಪಗಳೊಡನೆ ಕವಾಯಿಯನ್ನು ಹೋಲಿಸಿ ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿದರು. ತಲಾ ಆದಾಯ ಏಳೆಂಟು ವರ್ಷಗಳಲ್ಲಿ ಮೊದಲಿನ ಮಟ್ಟಕ್ಕೆ ಬಂದಿತ್ತು. ಆದರೆ ಹದಿನೆಂಟು ವರ್ಷ ಕಳೆದರೂ ದ್ವೀಪದ ಜನಸಂಖ್ಯೆ, ಚಂಡಮಾರುತ ಬಾರದಿದ್ದಲ್ಲಿ ಇರಬೇಕಾಗಿದ್ದುದಕ್ಕಿಂತ ಶೇಕಡಾ 12ರಷ್ಟು ಕಡಿಮೆಯಾಗಿತ್ತು. ಉಳಿದವರನ್ನು ಎಣಿಸಿದರೆ ಊರು ಚೇತರಿಸಿಕೊಂಡಿದೆ. ಹೋದವರನ್ನು ಆ ಸರಾಸರಿಯಲ್ಲಿ ಎಣಿಸುವವರಿಲ್ಲ. ಸರ್ಕಾರದ ವರದಿಗಳಲ್ಲಿ 'ಪುನಶ್ಚೇತನ' ಎಂಬ ಪದವನ್ನು ಕಂಡಾಗಲೆಲ್ಲ ನಾವು ಇನ್ನು ಮುಂದೆ ತಲೆಗಳನ್ನು ಎಣಿಸಿ ನೋಡುವವರೇ.

ದ್ವೀಪದ ಹಕ್ಕಿಗಳ ವಿಷಯವೂ ಹೀಗೆಯೇ. ಕವಾಯಿಯಲ್ಲಿ ಕಾಲಿಟ್ಟಲ್ಲೆಲ್ಲ ಕೋಳಿಗಳು. ವಿಮಾನನಿಲ್ದಾಣದಲ್ಲಿಯೂ ಹೋಟೆಲಿನ ಅಂಗಳದಲ್ಲಿಯೂ ಹುಂಜಗಳ ಕೂಗು. ಬಿರುಗಾಳಿ ಗೂಡುಗಳನ್ನು ಒಡೆದಾಗ ಹಾರಿಹೋದ ಸಾಕುಕೋಳಿಗಳು, ಪುರಾತನ ಕಾಲದಲ್ಲಿ ನಾವಿಕರು ತಂದ ಕಾಡುಕೋಳಿಗಳೊಡನೆ ಬೆರೆತು ಬೆಳೆದ ಸಂತತಿಯಿದೆನ್ನುತ್ತಾರೆ. ಅತ್ತ ಅಲಕಾಯಿ ಎಂಬ ಎತ್ತರದ ಜವುಗುಕಾಡಿನಲ್ಲಿ ಓಓ ಎಂಬ ಹಾಡುಹಕ್ಕಿಯಿತ್ತು. ಸೊಳ್ಳೆ ತಂದ ರೋಗ, ನೆಲೆಯ ನಾಶಗಳಿಂದ ಮೊದಲೇ ಕ್ಷೀಣಿಸಿದ್ದ ಅದರ ಕೊನೆಯ ಆಸರೆಯನ್ನು ಈವಾ ಚೆಲ್ಲಾಪಿಲ್ಲಿ ಮಾಡಿತು. ಅದರ ದನಿ ಕಡೆಯ ಬಾರಿ ಕೇಳಿದ್ದು 1987ರಲ್ಲಿ. ಇನಿಕಿಯ ನಂತರ ಹುಡುಕಿದವರಿಗೆ ಏನೂ ಸಿಗಲಿಲ್ಲ. ಅಮೆರಿಕ ಸರ್ಕಾರ ಅದನ್ನು ಅಳಿದ ಜೀವಿಯೆಂದು ತನ್ನ ಪಟ್ಟಿಯಿಂದ ತೆಗೆದದ್ದು ನಾವು ಅಲ್ಲಿಗೆ ಹೋದ ತಿಂಗಳಿನಲ್ಲಿಯೇ.

ಮೂರನೆಯ ದಿನ ಉತ್ತರದ ಹನಲೇ ಕಣಿವೆಗೆ ಹೋದೆವು. ನೀರು ನಿಲ್ಲಿಸಿದ ಗದ್ದೆಗಳಲ್ಲಿ ಕೆಸುವಿನ ಬೆಳೆ. ನಮ್ಮ ಮಲೆನಾಡಿನ ಪತ್ರೊಡೆಯ ಕೆಸುವಿನ ಬಂಧುವೇ. ಹವಾಯಿಯ ಕೆಸುವಿನ ಬಹುಪಾಲು ಈ ದ್ವೀಪದ್ದು. ಗಡ್ಡೆಯನ್ನು ಬೇಯಿಸಿ ಕುಟ್ಟಿ 'ಪೋಯಿ' ಎಂಬ ನೇರಳೆ ಬಣ್ಣದ ಹಿಟ್ಟು ಮಾಡುತ್ತಾರೆ. ಉಪ್ಪು ಖಾರಗಳಿಲ್ಲದ ಅದು ನಮ್ಮ ನಾಲಿಗೆಗೆ ಒಗ್ಗಲಿಲ್ಲವೆಂಬುದನ್ನು ಮುಚ್ಚಿಡುವುದೇಕೆ? 2018ರ ಏಪ್ರಿಲಿನಲ್ಲಿ ಇದರ ಬಳಿಯ ವೈಪಾದಲ್ಲಿ ಒಂದೇ ದಿನಕ್ಕೆ 1,262 ಮಿಲಿಮೀಟರ್ ಮಳೆ ಸುರಿದು ಗದ್ದೆಗಳು ಕೊಚ್ಚಿಹೋದವು, ಆಚೆಯ ಊರುಗಳ ರಸ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಾರ್ವಜನಿಕರಿಗೆ ಮುಚ್ಚಿತ್ತು. ನಾವು ಹೋದಾಗ ಗದ್ದೆಗಳೆಲ್ಲ ಹಸಿರಾಗಿದ್ದವು.

ಕೊನೆಯ ದಿನ ವಿಮಾನನಿಲ್ದಾಣದ ದಾರಿಯಲ್ಲಿ ಮಾತು ಲಹೈನಾದತ್ತ ಹೊರಳಿತು. ನೆರೆಯ ಮಾವಿ ದ್ವೀಪದ ಆ ಪಟ್ಟಣ ಎರಡು ತಿಂಗಳ ಹಿಂದೆಯಷ್ಟೇ, ಆಗಸ್ಟ್ 8ರಂದು, ಬಿರುಗಾಳಿಯಲ್ಲಿ ಹಬ್ಬಿದ ಬೆಂಕಿಗೆ ಸುಟ್ಟು ಸುಮಾರು ನೂರು ಜನ ಮಡಿದಿದ್ದರು. "ಅವರಿಗೆ ಮನೆ ಕಟ್ಟಿಕೊಡುತ್ತಾರೆ, ಆ ಚಿಂತೆಯಿಲ್ಲ. ಅಲ್ಲಿಯವರೆಗೆ ಅವರನ್ನು ದ್ವೀಪದಲ್ಲಿಯೇ ಇರಿಸಿಕೊಳ್ಳುವರೇ ಎಂಬುದೇ ನನ್ನ ಪ್ರಶ್ನೆ" ಎಂದರು ಹಿರಿಯರು.

ತಮ್ಮನಿಂದ ಈಗಲೂ ಫೋನು ಬರುವುದುಂಟೇ ಎಂದು ವಿಚಾರಿಸಿದೆವು. ಬರುತ್ತದಂತೆ. ಅಲ್ಲಿ ಚಂಡಮಾರುತದ ಋತು ಜೂನ್ ಒಂದರಿಂದ ನವೆಂಬರ್ ಮುಗಿಯುವವರೆಗೆ. ಪ್ರತಿವರ್ಷ ಮೇ ತಿಂಗಳ ಕೊನೆಯಲ್ಲಿ ಅವನು ತಪ್ಪದೆ ಕರೆಯುತ್ತಾನೆ. ಅಣ್ಣನ ಮನೆಯ ಮಾಡಿಗೆ ಆ ಉಕ್ಕಿನ ಪಟ್ಟಿಗಳನ್ನು ಜಡಿದವನು ಅವನೇ. ಕಡಲ ಉಪ್ಪುಗಾಳಿಗೆ ಅವು ತುಕ್ಕು ಹಿಡಿದಿವೆಯೇ, ಏಣಿ ಹಾಕಿ ಒಂದೊಂದನ್ನೂ ನೋಡಿದೆಯಾ ಎಂದು ಕೇಳುತ್ತಾನೆ. ಆ ವರ್ಷ ಮೂರನ್ನು ಬದಲಾಯಿಸಿದ್ದಾಗಿ ಹಿರಿಯರು ತಿಳಿಸಿದರು.