ಅಜ್ಜನ ‘ನೋಡ್ವ ತಡಿ’

ಅಳಿವೆಯಂಚಿನ ಗಜನಿ ಗದ್ದೆಯನ್ನು ಸಿಗಡಿ ಹೊಂಡಕ್ಕೆ ಲೀಸಿಗೆ ಕೊಡಿ ಎಂದು ಬಂದವರಿಗೆ ಅಜ್ಜ ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಚಾ ಕುಡಿಸಿ, ಕವಳದ ತಟ್ಟೆ ಮುಂದಿಟ್ಟು, "ನೋಡ್ವ ತಡಿ ತಮಾ, ಮಳೆ ಒಂದು ಹೋಗ್ಲಿ" ಎನ್ನುತ್ತಿದ್ದ. ಮಳೆ ಹೋದರೆ ಕೊಯ್ಲು ಮುಗೀಲಿ. ಕೊಯ್ಲು ಮುಗಿದರೆ ದೀಪಾವಳಿ ಕಳೀಲಿ.

1990ರ ದಶಕದ ಮೊದಲ ವರ್ಷಗಳವು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಸುತ್ತ ಎಲ್ಲಿ ಕೂತರೂ ಸಿಗಡಿಯದೇ ಮಾತು. ಭತ್ತದಲ್ಲಿ ಕಂಡರಿಯದ ದುಡ್ಡು ಮನೆ ಬಾಗಿಲಿಗೆ ಬಂದಿತ್ತು. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ಇದು ಮೈಗಳ್ಳತನ" ಎಂದು ಅಜ್ಜನ ಎದುರೇ ಹೇಳಿದ.

ನನಗೆ ಹಾಗೆ ಅನಿಸಿದ್ದಿಲ್ಲ. ಗದ್ದೆಯ ಬಂಡು ಒಡೆದರೆ ನಡುರಾತ್ರಿ ಎದ್ದು ಹೋಗುತ್ತಿದ್ದ ಮನುಷ್ಯ ಆತ. ಒಮ್ಮೆ ಮಾಡಿದರೆ ತಿರುಗಿಸಲಾಗದ ಕೆಲಸವನ್ನು ಮಾತ್ರ ಮುಂದೆ ತಳ್ಳುತ್ತಿದ್ದ. ಬೇಸಿಗೆಯಲ್ಲಿ ಉಪ್ಪುನೀರು ಹೊಕ್ಕ ಗಜನಿಯನ್ನು ಮುಂಗಾರು ತೊಳೆಯುವವರೆಗೆ ಕಾಯಬೇಕು, ಆಮೇಲೆಯೇ ಬಿತ್ತನೆ. ಅಲ್ಲಿ ಬೆಳೆಯುವುದು ಕಗ್ಗ: ಆಳೆತ್ತರದ ಭತ್ತ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದು, ಗೊಬ್ಬರ, ಔಷಧಿ ಕೇಳದು. ಕೊಯ್ಲಿನ ನಂತರ ಅದೇ ಗದ್ದೆಗೆ ಹೊಳೆನೀರು ಬಿಟ್ಟರೆ ಮೀನು, ಶೆಟ್ಲಿ (ಸಿಗಡಿ) ತಾವಾಗಿ ಬರುತ್ತವೆ. ಆದರೆ ಸಿಗಡಿ ಹೊಂಡಕ್ಕೆಂದು ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಗದ್ದೆಯಲ್ಲಿ ಭತ್ತವಿಲ್ಲ. ಒಂದೇ ಬಂಡಿನೊಳಗಿನ ಗಜನಿಯಲ್ಲಿ ಒಬ್ಬ ನೀರು ನಿಲ್ಲಿಸಿದರೆ ಪಕ್ಕದವನ ಗದ್ದೆಯೂ ಹೋಯಿತೆಂದೇ ಲೆಕ್ಕ.

ಅಜ್ಜನ ‘ತಡಿ’ ಮುಗಿಯುವ ಮೊದಲೇ ಸಿಗಡಿಗೆ ಬಿಳಿಚುಕ್ಕೆ ರೋಗ ಬಂತು. ದಶಕದ ನಡುವಿಗೆ ದೇಶದ ಕರಾವಳಿಯುದ್ದಕ್ಕೂ ಹೊಂಡಗಳು ಖಾಲಿಯಾದವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಹೊಂಡಗಳ ವಿರುದ್ಧ ತೀರ್ಪು ಕೊಟ್ಟಿತು.

ನೆರೆಮನೆಯವರು ಬಂದದ್ದು ಆಗ. ಅವರ ಹೊಂಡ ಹಾಳುಬಿದ್ದಿತ್ತು, ಮತ್ತೆ ಗದ್ದೆ ಮಾಡುವ ಮನಸ್ಸಿತ್ತು. "ಕಗ್ಗದ ಬೀಜ ಅದ್ಯಾ ಅಣ್ಣ?" ಎಂದು ಜಗಲಿಯ ಕೆಳಗೇ ನಿಂತು ಕೇಳಿದರು. ಬೀಜವನ್ನು ಪೆಟ್ಟಿಗೆಯಲ್ಲಿಟ್ಟು ಕಾಯಲು ಬರುವುದಿಲ್ಲ, ವರ್ಷ ವರ್ಷ ಬಿತ್ತಿದರಷ್ಟೇ ಅದು ಉಳಿಯುತ್ತದೆ. ನಮ್ಮಲ್ಲಿ ಉಳಿದಿತ್ತು. ಅಜ್ಜ ಅಳೆಯಲಿಲ್ಲ, ಹುಲ್ಲಿನ ಮುಡಿ ಬಿಚ್ಚಿ ಚೀಲ ತುಂಬಿಸಿದ. ದೊಡ್ಡಪ್ಪನೇ ಅದನ್ನು ಹೊತ್ತು ಅವರ ಮನೆಗೆ ಮುಟ್ಟಿಸಿ ಬಂದ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಆದರೆ ಕಗ್ಗ ಬೆಳೆಯುವವರು ಕಡಿಮೆಯಾಗಿದ್ದಾರೆ. ಕುಮಟೆಗೆ ಬಂದಾಗ ಮಾಣಿಕಟ್ಟೆಯ ಕಡೆ ಕಗ್ಗದ ಅಕ್ಕಿ ಕೇಳಿ ಕೊಂಡುಹೋಗಿ. ಗಂಜಿಗೆ ಬಲು ರುಚಿ.