ಮಲ್ಲಯ್ಯನ ಕಾಡುದಾರಿಯಲ್ಲಿ ಒಂದು ಹಗಲು

ವಡಗೇರಾ ಸೀಮೆಯ ಒಂದು ಮಗ್ಗುಲಿಗೆ ಭೀಮೆ, ಇನ್ನೊಂದು ಮಗ್ಗುಲಿಗೆ ಕೃಷ್ಣೆ. ಎರಡೂ ಕೂಡಿ ಮೂಡಣಕ್ಕೆ ಹರಿದು ಶ್ರೀಶೈಲದ ಬುಡ ಮುಟ್ಟುವಲ್ಲಿ ಆ ನೀರಿಗೆ ಪಾತಾಳಗಂಗೆಯೆಂದು ಹೆಸರು. ಊರ ನೀರು ತಾನಾಗಿ ಹೋಗಿ ಸೇರುವ ಆ ಕ್ಷೇತ್ರಕ್ಕೆ ಊರ ಜನ, ಬಸ್ಸಿದ್ದರೂ, ನಡೆದೇ ಹೋಗುತ್ತಾರೆ. ಯುಗಾದಿ ಇನ್ನೂ ಹತ್ತು-ಹನ್ನೆರಡು ದಿನ ದೂರ ಇರುವಾಗಲೇ ಕಂಬಿ ಹೊತ್ತವರು, ಜೋಳಿಗೆ ಹಾಕಿದವರು, ಹರಕೆ ಹೊತ್ತು ಮರಗಾಲು ಕಟ್ಟಿಕೊಂಡವರೂ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಹೊರಡುತ್ತಾರೆ. ರಾಯಚೂರು, ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರದ ಬಳಿ ನಲ್ಲಮಲದ ಕಾಡು ಹೊಕ್ಕರೆ ಅಲ್ಲಿಗೆ ಡಾಂಬರಿನ ಹಂಗು ತೀರಿತು.

ಹಾಗೆ ಹೊಕ್ಕವರಲ್ಲಿ ವಡಗೇರಾ ಕಡೆಯ ಇಬ್ಬರಿದ್ದರು. ಇಪ್ಪತ್ತಕ್ಕೂ ಹೆಚ್ಚು ಸಲ ಈ ದಾರಿ ತುಳಿದಿದ್ದ ಸೋದರಮಾವ, ಮತ್ತು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಳಿಯ. ಮಾವನ ಮೊಣಕಾಲು ಎರಡು ವರ್ಷದಿಂದ ಸರಿಯಿಲ್ಲ. ಮನೆಯವರೆಲ್ಲ ಬೇಡವೆಂದರೂ ಅವರು ಕೇಳಲಿಲ್ಲ. ಕಡೆಗೆ ತಂಗಿ, ‘ಒಬ್ಬನ್ನ ಬಿಡಬ್ಯಾಡ’ ಎಂದು ಮಗನನ್ನು ಜೊತೆಗೆ ಕಳಿಸಿದ್ದಳು. ಯಾರು ಯಾರನ್ನು ಕಾಯಬೇಕು ಎಂಬುದು ಕರ್ನೂಲಿನ ಹೊತ್ತಿಗೇ ತಲೆಕೆಳಗಾಗಿತ್ತು.

ಅಳಿಯ ಹೊರಟಾಗ ಬೆನ್ನ ಮೇಲೆ ದೊಡ್ಡ ಚಾರಣದ ಚೀಲ. ಅದರಲ್ಲಿ ಮಲಗುವ ಚೀಲ, ಎರಡು ಜೊತೆ ಬೂಟು, ಬ್ಯಾಟರಿ, ಇನ್ನೂ ಏನೇನೋ. ಮಾವನ ಬಳಿ ಒಂದು ಕಂಬಳಿ, ಕಡಕ್ ರೊಟ್ಟಿ-ಶೇಂಗಾ ಹಿಂಡಿಯ ಗಂಟು, ಒಂದು ತಂಬಿಗೆ. ಕರ್ನೂಲಿನಲ್ಲಿ ಅಳಿಯ ಅರ್ಧ ಸಾಮಾನನ್ನು ಊರಿಗೆ ಹೊರಟಿದ್ದವರ ಕೈಯಲ್ಲಿ ಕಳಿಸಿಬಿಟ್ಟ. ಕಳಿಸದೆ ಉಳಿಸಿಕೊಂಡದ್ದು ತಾಯಿ ಕೊಟ್ಟ ಪೊಟ್ಟಣ: ಒಂದು ಇಳಕಲ್ ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು. ಈ ಕಡೆಯವರಿಗೆ ಭ್ರಮರಾಂಬೆ ಮನೆಯ ಮಗಳು. ಮಗಳಿಗೆ ಹಬ್ಬದ ಉಡಿ ತುಂಬುವುದಕ್ಕೆ ತವರಿನವರು ಬರಿಗೈಯಲ್ಲಿ ಹೋಗಲಾದೀತೆ? ಮಗಳ ಮೇಲಿನಿಂದ ಮಲ್ಲಿಕಾರ್ಜುನನೂ ಅಳಿಯನೇ. ದೇವರನ್ನು ‘ಮಲ್ಲಯ್ಯಾ’ ಎಂದು ಕೂಗುವ ದನಿಯಲ್ಲಿ ಭಯಕ್ಕಿಂತ ಸಲಿಗೆ ಹೆಚ್ಚು.

ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಪೆಚ್ಚೆರುವಿನಲ್ಲಿ ರಾತ್ರಿ ಕಳೆದಾಗಿತ್ತು. ಹೆಸರೇ ಹೇಳುವಂತೆ ಅದು ದೊಡ್ಡ ಕೆರೆ. ಸುತ್ತ ಚೆಂಚು ಜನರ ಸೀಮೆ. ಬೆಳಗಿನ ನಾಲ್ಕಕ್ಕೆ ಮಾವ ಎಬ್ಬಿಸಿದರು. ‘ಏಳ್ ತಮ್ಮಾ, ತಂಪೊತ್ತಿನ್ಯಾಗ ನಡದಷ್ಟೂ ನಮ್ದು. ಬಿಸಿಲು ಏರಿತಂದ್ರ ಕಾಡು ನೆಳ್ಳು ಕೊಡಂಗಿಲ್ಲ.’

ಮಾತು ನಿಜ. ನಲ್ಲಮಲ ಮಲೆನಾಡಿನ ಕಾಡಲ್ಲ. ತೇಗ, ಮತ್ತಿ, ದಿಂಡಿಗ, ಬಿದಿರು ಎಲ್ಲವೂ ಯುಗಾದಿಯ ಹೊತ್ತಿಗೆ ಎಲೆ ಉದುರಿಸಿ ನಿಂತಿರುತ್ತವೆ. ಕಾಲಡಿ ತರಗೆಲೆ, ಕಲ್ಲು. ಅಲ್ಲೊಂದು ಇಲ್ಲೊಂದು ಮುತ್ತುಗದ ಕೆಂಪು. 1983ರಲ್ಲಿ ಹುಲಿ ರಕ್ಷಿತಾರಣ್ಯವಾದ ಈ ಕಾಡಿನ ದಾರಿಯನ್ನು ಅರಣ್ಯ ಇಲಾಖೆ ಶಿವರಾತ್ರಿ, ಯುಗಾದಿಗಳಿಗೆ ತೆರೆಯುತ್ತದೆ. ಈ ದಿನಗಳಲ್ಲಿ ಜನರ ಗದ್ದಲಕ್ಕೆ ಹುಲಿ ದೂರ ಸರಿದಿರುತ್ತದೆ; ಆದರೆ ಜನ ಹೋದ ಮೇಲೂ ನೀರಿನ ಪಾಕೀಟು, ಪ್ಲಾಸ್ಟಿಕ್ ಲೋಟ ಅಲ್ಲೇ ಬಿದ್ದಿರುತ್ತವೆ. ಮಗಳ ಮನೆಯ ಅಂಗಳಕ್ಕೆ ಕಸ ಚೆಲ್ಲಿ ಬರುವ ತವರಿನವರನ್ನು ಏನೆನ್ನೋಣ!

ಒಂಬತ್ತರ ಸುಮಾರಿಗೆ ಅಳಿಯ ಕುಂಟತೊಡಗಿದ. ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ. ಮಾವ ಅವನನ್ನು ಮರದ ಬುಡಕ್ಕೆ ಕೂಡಿಸಿ, ಟೋಪಿಯ ಅಂಚಿಗೆ ಸಿಕ್ಕಿಸಿದ್ದ ಸೂಜಿ ತೆಗೆದು, ಬೊಬ್ಬೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾರ ಹಾಯಿಸಿ ಹಾಗೇ ಬಿಟ್ಟರು. ದಾರದ ಗುಂಟ ನೀರು ಇಳಿಯಿತು. ಬೂಟು ಚೀಲದ ಮೇಲೆ ಹೋಯಿತು; ಕಾಲಿಗೆ ಬಂದದ್ದು ಮಾವನ ಹಳೆಯ ಚಪ್ಪಲಿ. ಮಾವ ಬರಿಗಾಲಲ್ಲಿ ನಡೆದರು. ಅಳಿಯ ಎಷ್ಟು ಬೇಡವೆಂದರೂ, ‘ನನ್ನ ಕಾಲು ಈ ಕಲ್ಲಿಗೆ ಗುರ್ತದ ಅವ’ ಎಂದಷ್ಟೇ ಉತ್ತರ. ಮುಂದೆ ಕನ್ನಡದವರೇ ನಡೆಸುತ್ತಿದ್ದ ದಾಸೋಹವೊಂದರಲ್ಲಿ ಅನ್ನ-ಸಾರು, ಮಜ್ಜಿಗೆ ಸಿಕ್ಕಿತು.

ಮಧ್ಯಾಹ್ನ ತಿರುಗಿದ ಮೇಲೆ ಭೀಮುನಿ ಕೊಲನು, ಅಂದರೆ ಭೀಮನ ಕೊಳ. ಎರಡು ಗುಡ್ಡಗಳ ನಡುವಿನ ಆಳವಾದ ಕಮರಿ. ಈ ಬೆಟ್ಟದ ದಾರಿಗೆ ಮೆಟ್ಟಿಲು ಕಟ್ಟಿಸಿದ ಪುಣ್ಯವನ್ನು 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿಯ ಹೆಸರಿಗೆ ಬರೆದಿದ್ದಾರೆ. ಆದರೆ ಮೊಣಕಾಲು ನೋವಿನವರಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ದೇಹದ ಭಾರವೆಲ್ಲ ಹೆಜ್ಜೆಹೆಜ್ಜೆಗೂ ಕೀಲಿನ ಮೇಲೆ ಬೀಳುತ್ತದೆ. ಅರ್ಧ ಇಳಿಯುವಷ್ಟರಲ್ಲಿ ಮಾವ ಕುಳಿತುಬಿಟ್ಟರು. ಹಿಂದಿನವರು ಪಕ್ಕದಿಂದ ‘ಉಘೇ ಮಲ್ಲಯ್ಯಾ’ ಎನ್ನುತ್ತ ದಾಟಿಹೋದರು.

‘ನೀ ನಡಿ. ಉಡಿ ಮುಟ್ಟಿಸು. ನಾ ಸಾವಕಾಶ ಬರ್ತೀನಿ.’

ಅಳಿಯ ಹೋಗಲಿಲ್ಲ. ಪೊಟ್ಟಣವನ್ನು ಸೊಂಟಕ್ಕೆ ಕಟ್ಟಿಕೊಂಡ. ಖಾಲಿಯಾಗುತ್ತ ಬಂದಿದ್ದ ಚೀಲವನ್ನು ಎದೆಯ ಕಡೆಗೆ ಹಾಕಿಕೊಂಡು, ಒಂದು ಮೆಟ್ಟಿಲು ಕೆಳಗೆ ಬೆನ್ನು ತಿರುಗಿಸಿ ನಿಂತ. ಮಾವ ಅವನ ಎರಡೂ ಭುಜದ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಇಳಿದರು. ಕೊಳದ ಬಳಿ ಕಾಲು ತೊಳೆದು, ತಂಬಿಗೆ ತುಂಬಿಕೊಂಡು, ಎದುರಿನ ಏರು ಹಿಡಿದಾಗ ಬಿಸಿಲು ಬಂಡೆಯ ಮೇಲಷ್ಟೇ ಉಳಿದಿತ್ತು. ಏರಿನಲ್ಲಿ ಮಾವ ಮುಂದೆ, ಅಳಿಯ ಹಿಂದೆ. ಐದು ಮೆಟ್ಟಿಲಿಗೊಮ್ಮೆ ನಿಲ್ಲುವುದು, ಮತ್ತೆ ಏರುವುದು.

ಕೈಲಾಸದ್ವಾರ ಮುಟ್ಟಿದಾಗ ಕತ್ತಲು. ಮುಂದೆ ಶ್ರೀಶೈಲಕ್ಕೆ ಸಲೀಸಾದ ರಸ್ತೆ, ಆಟೋದವರು ಕೂಗುತ್ತಿದ್ದರು. ಮಾವ ಆ ಕಡೆ ನೋಡಲಿಲ್ಲ. ದೀಪದ ಕಂಬದ ಕೆಳಗೆ ಕುಳಿತು, ‘ತಗೀ ನೋಡೂಣು’ ಎಂದರು. ಅಳಿಯ ಸೊಂಟದ ಪೊಟ್ಟಣ ಬಿಚ್ಚಿದ. ಸೀರೆಯ ಒಂದು ಮಡಿಕೆ ಬೆವರಿಗೆ ನೆನೆದಿತ್ತು. ಅಕ್ಕಿ ಒಣಗಿಯೇ ಇತ್ತು.

ಮಾವ ಚಪ್ಪಲಿ ಕೇಳಿ ಪಡೆದು ಜೋಳಿಗೆಯಲ್ಲಿಟ್ಟುಕೊಂಡರು. ಇಬ್ಬರೂ ಬರಿಗಾಲಲ್ಲಿ ಊರ ದಾರಿ ಹಿಡಿದರು.